ಮೋಡದ ಕೆಳಗಿನ ಭೀಮಾ: ಉಚಿತ ರೇಡಾರ್ ಚಿತ್ರ ಎಲ್ಲಿದೆ, ಯಾವುದನ್ನು ಆರಿಸಬೇಕು?

ಪ್ರಶ್ನೆ: ನಾನು ಕಲಬುರಗಿ ಕಡೆಯ ಸಂಶೋಧನಾ ವಿದ್ಯಾರ್ಥಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಬಂದ ಪ್ರವಾಹ ಎಷ್ಟು ಜಮೀನನ್ನು ಮುಳುಗಿಸಿತು ಎಂದು ನಕ್ಷೆ ಮಾಡಬೇಕಿದೆ. ಮಾಮೂಲಿ ಉಪಗ್ರಹ ಚಿತ್ರ ತೆಗೆದರೆ ಆ ವಾರವೆಲ್ಲ ಬರೀ ಮೋಡ. ರೇಡಾರ್ ಚಿತ್ರ ನೋಡು ಎಂದು ಗೈಡ್ ಹೇಳಿದರು. ಖಾಸಗಿ ಕಂಪನಿಯೊಂದರಲ್ಲಿ ವಿಚಾರಿಸಿದೆ, ಆ ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ಉಚಿತವಾಗಿ ಎಲ್ಲಾದರೂ ಸಿಗುತ್ತದೆಯೇ? ಹುಡುಕಿ ಇಳಿಸಿಕೊಳ್ಳುವುದು ಹೇಗೆ? ಪ್ರಬಂಧದಲ್ಲಿ ಬಳಸಲು ಯಾರ ಅನುಮತಿ ಬೇಕು?

ಉತ್ತರ: ದುಡ್ಡು ಕೊಡಬೇಡಿ. ನಿಮ್ಮ ಕೆಲಸಕ್ಕೆ ಬೇಕಾದ ಚಿತ್ರಗಳು ಉಚಿತವಾಗಿವೆ. ಇವತ್ತು ಸಂಜೆಯೇ ಇಳಿಸಿಕೊಳ್ಳಬಹುದು. ಸಿಗುವುದು ಕಷ್ಟವಲ್ಲ. ರಾಶಿಯಲ್ಲಿ ಸರಿಯಾದ ಎರಡು ಚಿತ್ರಗಳನ್ನು ಆರಿಸುವುದೇ ಕಷ್ಟ. ತಪ್ಪು ಜೋಡಿ ಆರಿಸಿದರೆ ಮುಂದೆ ಎಷ್ಟು ಒಳ್ಳೆಯ ಲೆಕ್ಕ ಮಾಡಿದರೂ ನಕ್ಷೆ ತಪ್ಪೇ ಬರುತ್ತದೆ. ಹಾಗಾಗಿ ಎಲ್ಲಿ ಸಿಗುತ್ತದೆ ಎಂಬುದನ್ನು ಬೇಗ ಹೇಳಿ, ಆರಿಸುವ ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ರೇಡಾರ್ ಏನು ನೋಡುತ್ತದೆ ಎಂದು ಎರಡು ಮಾತು. ರೇಡಾರ್ ಉಪಗ್ರಹ ಬಿಸಿಲನ್ನು ಕಾಯುವುದಿಲ್ಲ. ತಾನೇ ಮೈಕ್ರೋವೇವ್ ಅಲೆ ಬಿಟ್ಟು, ನೆಲಕ್ಕೆ ತಾಗಿ ವಾಪಸ್ ಬಂದಷ್ಟನ್ನು ಅಳೆಯುತ್ತದೆ. ಆ ಅಲೆಗೆ ಮೋಡ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ನಿಂತ ನೀರು ಕನ್ನಡಿ ಇದ್ದ ಹಾಗೆ. ಓರೆಯಾಗಿ ಬಂದ ಅಲೆಯನ್ನು ಅದು ಆಚೆ ಕಡೆಗೆ ಜಾರಿಸಿಬಿಡುತ್ತದೆ. ಉಪಗ್ರಹಕ್ಕೆ ಏನೂ ಮರಳುವುದಿಲ್ಲ, ಅದಕ್ಕೇ ಚಿತ್ರದಲ್ಲಿ ನೀರು ಕಪ್ಪು. ಹೊಲ, ಗಿಡ, ಊರು ಒರಟಾಗಿರುವುದರಿಂದ ಬೆಳ್ಳಗೆ ಕಾಣುತ್ತವೆ. ಪ್ರವಾಹದ ಮೊದಲು ಬೆಳ್ಳಗಿದ್ದ ಜಾಗ ಆಮೇಲೆ ಕಪ್ಪಾಗಿದ್ದರೆ ಅಲ್ಲಿ ನೀರು ಬಂದಿರಬೇಕು. ನಿಮ್ಮ ಇಡೀ ಕೆಲಸ ನಿಂತಿರುವುದು ಈ ಒಂದು ಮಾತಿನ ಮೇಲೆ. ಈ ಮಾತು ಎಲ್ಲೆಲ್ಲಿ ಸುಳ್ಳಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

ನಿಮಗೆ ಬೇಕಾದ ಉಪಗ್ರಹದ ಹೆಸರು ಸೆಂಟಿನೆಲ್-1. ಭೂಮಿಯನ್ನು ಗಮನಿಸುವ ಯುರೋಪಿನ ಕೊಪರ್ನಿಕಸ್ ಯೋಜನೆಯದ್ದು. ಇದರ ಮೊದಲನೆಯದು, 1ಎ, 2014ರ ಏಪ್ರಿಲ್‌ನಲ್ಲಿ ಹಾರಿತು. 2016ರ ಏಪ್ರಿಲ್‌ನಲ್ಲಿ 1ಬಿ ಜೊತೆಗೂಡಿತು. ವಿದ್ಯುತ್ ಪೂರೈಕೆ ಕೆಟ್ಟು 1ಬಿ 2021ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಒಂದೇ ಉಪಗ್ರಹ ಅದೇ ದಾರಿಯಲ್ಲಿ ಮತ್ತೆ ಬರುವುದು 12 ದಿನಕ್ಕೊಮ್ಮೆ. ಎರಡಿದ್ದರೆ ಅದು 6 ದಿನ ಆಗಬಹುದು. ಆದರೆ ಎರಡೂ ಇದ್ದ ಕಾಲದಲ್ಲೂ ಎಲ್ಲ ಕಡೆ 6 ದಿನಕ್ಕೊಮ್ಮೆ ಚಿತ್ರ ತೆಗೆಯುತ್ತಿರಲಿಲ್ಲ. ಯುರೋಪಿಗೆ ಆದ್ಯತೆ ಇತ್ತು. ಅದಕ್ಕೇ ಯಾರದೋ ಪ್ರಬಂಧದಲ್ಲಿ "6 ದಿನಕ್ಕೊಮ್ಮೆ" ಎಂದು ಓದಿ ನಂಬಬೇಡಿ. ನಿಮ್ಮ ಜಾಗದ ಪಟ್ಟಿಯನ್ನು ನೀವೇ ತೆಗೆದು ನೋಡಿ.

ಪಟ್ಟಿ ತೆಗೆಯಲು ಎರಡು ಬಾಗಿಲುಗಳಿವೆ. ಒಂದು ಕೊಪರ್ನಿಕಸ್ ಡೇಟಾ ಸ್ಪೇಸ್ ಇಕೋಸಿಸ್ಟಮ್. ಹಳೆಯ ಪಾಠಗಳಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ "ಸೈಹಬ್" ಅಥವಾ "ಓಪನ್ ಆಕ್ಸೆಸ್ ಹಬ್" ಎಂದು ಹೇಳಿರುತ್ತಾರೆ. ಅದು 2023ರಲ್ಲೇ ಮುಚ್ಚಿತು, ಆ ಲಿಂಕ್ ಹಿಡಿದು ಒದ್ದಾಡಬೇಡಿ. ಹೊಸ ತಾಣದಲ್ಲಿ ಇಮೇಲ್ ಕೊಟ್ಟು ಉಚಿತ ಖಾತೆ ತೆರೆಯಿರಿ. ಅಲ್ಲಿರುವ ಕೊಪರ್ನಿಕಸ್ ಬ್ರೌಸರ್‌ನಲ್ಲಿ ನಕ್ಷೆಯ ಮೇಲೆ ಅಫಜಲಪುರದಿಂದ ಯಾದಗಿರಿವರೆಗೆ ನದಿಯನ್ನು ಬಳಸಿ ಒಂದು ಚೌಕ ಎಳೆಯಿರಿ. ತಾರೀಕು 2020ರ ಸೆಪ್ಟೆಂಬರ್ 1ರಿಂದ ನವೆಂಬರ್ 15ರವರೆಗೆ ಕೊಡಿ. ಸೆಂಟಿನೆಲ್-1 ಆರಿಸಿ ಹುಡುಕಿ. ಇಳಿಸಿಕೊಳ್ಳದೆ ಅಲ್ಲೇ ಚಿತ್ರ ತೆರೆದು ನೋಡಬಹುದು. ನೆಟ್ ನಿಧಾನ ಇರುವ ಕಡೆ ಇದು ದೊಡ್ಡ ಉಪಕಾರ.

ಇನ್ನೊಂದು ಬಾಗಿಲು ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿ. ಅಲಾಸ್ಕಾ ವಿಶ್ವವಿದ್ಯಾಲಯದಲ್ಲಿರುವ ಇದು ನಾಸಾದ ರೇಡಾರ್ ಉಗ್ರಾಣ. ಸೆಂಟಿನೆಲ್-1ರ ಚಿತ್ರಗಳು ಇಲ್ಲೂ ಇವೆ. ಹುಡುಕುವ ಪುಟದ ಹೆಸರು ವರ್ಟೆಕ್ಸ್. ನಾಸಾದ ಅರ್ಥ್‌ಡೇಟಾ ಖಾತೆ ಬೇಕು, ಅದೂ ಉಚಿತ. ನಾನು ಹೊಸಬರಿಗೆ ಇದನ್ನೇ ಮೊದಲು ಹೇಳುತ್ತೇನೆ. ಕಾರಣ, ಇಲ್ಲಿ ಹೈಪ್3 ಎಂಬ ಸೇವೆ ಇದೆ. ಕಚ್ಚಾ ಚಿತ್ರವನ್ನು ಆರಿಸಿ "ನೆಲದ ಏರಿಳಿತ ಸರಿಪಡಿಸಿ ಕೊಡಿ" ಎಂದು ಅರ್ಜಿ ಹಾಕಿದರೆ ಅವರ ಕಂಪ್ಯೂಟರ್‌ಗಳೇ ಕೆಲಸ ಮಾಡಿ ಸಿದ್ಧ ಚಿತ್ರ ಕೊಡುತ್ತವೆ. ಪ್ರತಿ ತಿಂಗಳು ಇಷ್ಟು ಎಂದು ಉಚಿತ ಕ್ರೆಡಿಟ್ ಇರುತ್ತದೆ. ನಿಮ್ಮಂಥ ಕೆಲಸಕ್ಕೆ ಅದು ಧಾರಾಳ ಸಾಕು. ಸಿದ್ಧ ಚಿತ್ರವನ್ನು ನೇರವಾಗಿ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ತೆರೆಯಬಹುದು. ಹಳೆಯ ಲ್ಯಾಪ್‌ಟಾಪ್ ಇರುವವರು ಈ ದಾರಿ ಬಿಟ್ಟು ಬೇರೆಡೆ ಹೋಗುವ ಅಗತ್ಯವೇ ಇಲ್ಲ.

ಹುಡುಕಿದಾಗ ಒಂದೇ ದಿನಕ್ಕೆ ಹಲವು ಫೈಲ್ ಬರುತ್ತವೆ, ಉದ್ದುದ್ದ ಹೆಸರುಗಳು. ಗಾಬರಿಯಾಗಬೇಡಿ. ಹೆಸರೇ ಎಲ್ಲ ಹೇಳುತ್ತದೆ. ಎಸ್1ಎ ಎಂದರೆ ಯಾವ ಉಪಗ್ರಹ ಎಂದು. ಐಡಬ್ಲ್ಯು ಎಂದರೆ ಚಿತ್ರ ತೆಗೆದ ವಿಧಾನ, ನೆಲದ ಮೇಲೆ 250 ಕಿಲೋಮೀಟರ್ ಅಗಲದ ಪಟ್ಟಿ. ಆಮೇಲೆ ಬರುವುದು ಜಿಆರ್‌ಡಿ ಅಥವಾ ಎಸ್‌ಎಲ್‌ಸಿ. ನಿಮಗೆ ಜಿಆರ್‌ಡಿ ಬೇಕು. ಅದರಲ್ಲಿ ಮರಳಿದ ಅಲೆಯ ಬಲ ಮಾತ್ರ ಇರುತ್ತದೆ. ಎಸ್‌ಎಲ್‌ಸಿಯಲ್ಲಿ ಅಲೆಯ ಹಂತವೂ (ಫೇಸ್), ಅಂದರೆ ಏರಿಳಿತದ ಯಾವ ಘಟ್ಟದಲ್ಲಿ ಅಲೆ ಮರಳಿತು ಎಂಬುದೂ, ಇರುತ್ತದೆ. ಭೂಕಂಪದಲ್ಲಿ ನೆಲ ಎಷ್ಟು ಸರಿಯಿತು, ನಗರ ಎಷ್ಟು ಕುಸಿಯಿತು ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವವರಿಗೆ ಅದು. ಜಿಆರ್‌ಡಿ ಫೈಲ್ ಸುಮಾರು 1 ಜಿಬಿ, ಎಸ್‌ಎಲ್‌ಸಿ ಅದರ ನಾಲ್ಕೈದು ಪಟ್ಟು. "ದೊಡ್ಡದರಲ್ಲಿ ಜಾಸ್ತಿ ಮಾಹಿತಿ ಇರುತ್ತದೆ" ಎಂದು ಎಸ್‌ಎಲ್‌ಸಿ ಇಳಿಸಿಕೊಂಡು ಹಾಸ್ಟೆಲ್ ವೈಫೈಯಲ್ಲಿ ಮೂರು ರಾತ್ರಿ ಕಳೆದ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಫೈಲ್ ಹೆಸರಿನಲ್ಲಿರುವ ಸಮಯ ನಮ್ಮದಲ್ಲ, ಯುಟಿಸಿ ಎಂಬ ಜಾಗತಿಕ ಸಮಯ. ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಈಗ ಮುಖ್ಯ ಮಾತಿಗೆ ಬರೋಣ. ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಇಳಿಯುವಾಗ ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ ಆರರ ಸುಮಾರಿಗೆ. ದಕ್ಷಿಣದಿಂದ ಉತ್ತರಕ್ಕೆ ಏರುವಾಗ ಸಂಜೆ ಆರರ ಸುಮಾರಿಗೆ. ಮೊದಲನೆಯದು ಡಿಸೆಂಡಿಂಗ್, ಎರಡನೆಯದು ಅಸೆಂಡಿಂಗ್. ಸೆಂಟಿನೆಲ್-1 ಯಾವಾಗಲೂ ತನ್ನ ಬಲಕ್ಕೇ ನೋಡುತ್ತದೆ. ಹಾಗಾಗಿ ಇಳಿಯುವಾಗ ಪಶ್ಚಿಮಕ್ಕೆ, ಏರುವಾಗ ಪೂರ್ವಕ್ಕೆ ನೋಡಿದಂತಾಗುತ್ತದೆ. ಅದೇ ಹೊಲವನ್ನು ಬೇರೆ ದಿಕ್ಕಿನಿಂದ, ಬೇರೆ ಓರೆಯಲ್ಲಿ ನೋಡಿದರೆ ಮರಳುವ ಅಲೆ ಬೇರೆಯೇ ಇರುತ್ತದೆ. ಬೆಳಗಿನ ಇಬ್ಬನಿಯೂ ಅದಕ್ಕೆ ಸೇರಿಕೊಳ್ಳುತ್ತದೆ.

ಈ ಕೆಲಸ ಶುರು ಮಾಡಿದ ದಿನಗಳಲ್ಲಿ ನಾನು ಇದನ್ನು ಗಮನಿಸಲಿಲ್ಲ. ಒಂದು ದೊಡ್ಡ ಕೆರೆಯ ಹಿನ್ನೀರು ಎಷ್ಟು ಹರಡಿದೆ ಎಂದು ನೋಡಲು ಬೇಸಿಗೆಯ ಒಂದು ಚಿತ್ರ, ಮಳೆಗಾಲದ ಒಂದು ಚಿತ್ರ ತಗೊಂಡೆ. ಒಂದು ಬೆಳಗಿನದು, ಇನ್ನೊಂದು ಸಂಜೆಯದು. ಗುಡ್ಡದ ಒಂದು ಮಗ್ಗುಲಲ್ಲಿ ಉದ್ದಕ್ಕೂ "ಹೊಸ ನೀರು" ಬಂತು. ಎರಡು ವಾರ ಅದರ ಮೇಲೆ ಕೂತೆ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು "ಎರಡರದ್ದೂ ದಾರಿ ಸಂಖ್ಯೆ ಎಷ್ಟು?" ಎಂದು ಕೇಳಿದರು. ಆಗ ಗೊತ್ತಾಯಿತು, ಅದು ಗುಡ್ಡದ ನೆರಳು. ಅವತ್ತಿನಿಂದ ಚಿತ್ರ ತೆರೆಯುವ ಮೊದಲು ದಾರಿ ಸಂಖ್ಯೆ ಬರೆದಿಟ್ಟುಕೊಳ್ಳುತ್ತೇನೆ. ಅದನ್ನು ರಿಲೇಟಿವ್ ಆರ್ಬಿಟ್ ಎಂದು ಕರೆಯುತ್ತಾರೆ, ವರ್ಟೆಕ್ಸ್‌ನಲ್ಲಿ ಪಾತ್ ಎಂದಿರುತ್ತದೆ. ಪ್ರವಾಹದ ಮುಂಚಿನ ಚಿತ್ರ, ಪ್ರವಾಹದ ಚಿತ್ರ ಎರಡಕ್ಕೂ ಈ ಸಂಖ್ಯೆ ಒಂದೇ ಇರಬೇಕು. ಇಲ್ಲದಿದ್ದರೆ ಆ ಜೋಡಿ ಬೇಡ. ಭೀಮಾ ಕಣಿವೆ ಬಯಲು, ನೆರಳಿನ ಕಾಟ ಕಡಿಮೆ. ಆದರೆ ನಾಳೆ ನೀವು ಕೊಡಗಿನ ಭೂಕುಸಿತ ನೋಡಲು ಹೊರಟರೆ ಇದೇ ಮಾತು ನೂರು ಪಟ್ಟು ಮುಖ್ಯ ಆಗುತ್ತದೆ.

"ಮುಂಚಿನ ಚಿತ್ರ" ಯಾವುದು ಎಂಬುದರಲ್ಲೂ ಜಾಣತನ ಬೇಕು. ಎಷ್ಟೋ ಜನ ಬೇಸಿಗೆಯ ಚಿತ್ರ ತಗೊಳ್ತಾರೆ, ಆಗ ನೀರೇ ಇರುವುದಿಲ್ಲ ಎಂಬ ಕಾರಣಕ್ಕೆ. ಏಪ್ರಿಲ್‌ನಲ್ಲಿ ಆ ಹೊಲಗಳು ಬರಿದು, ಒಣ ಎರೆಮಣ್ಣು. ಅಕ್ಟೋಬರ್‌ನಲ್ಲಿ ಆಳೆತ್ತರದ ತೊಗರಿ. ಎರಡನ್ನೂ ಹೋಲಿಸಿದರೆ ನಿಮಗೆ ಸಿಗುವುದು ಬೆಳೆಯ ವ್ಯತ್ಯಾಸ, ನೀರಿನದ್ದಲ್ಲ. ಸೆಪ್ಟೆಂಬರ್ ಕೊನೆಯ ಅಥವಾ ಅಕ್ಟೋಬರ್ ಮೊದಲ ವಾರದ ಚಿತ್ರವೇ ಒಳ್ಳೆಯದು.

ನಿಮ್ಮ ನೆಲದ ಕಷ್ಟ ನಿಜವಾಗಿ ಶುರುವಾಗುವುದು ಇಲ್ಲಿ. ಸೆಂಟಿನೆಲ್-1ರದ್ದು ಸಿ-ಬ್ಯಾಂಡ್, ಅಲೆಯ ಉದ್ದ ಸುಮಾರು 5.5 ಸೆಂಟಿಮೀಟರ್. ದಟ್ಟ ತೊಗರಿಯ, ಕಬ್ಬಿನ ಎಲೆಗಳಿಗೆ ತಾಗಿಯೇ ಅದು ಹಿಂತಿರುಗುತ್ತದೆ. ಬುಡದಲ್ಲಿ ಮೊಣಕಾಲುದ್ದ ನೀರಿದ್ದರೂ ಚಿತ್ರದಲ್ಲಿ ಹೊಲ ಬೆಳ್ಳಗೇ ಕಾಣಬಹುದು. ಕೆಲವು ಕಡೆ ಇನ್ನೂ ಬೆಳ್ಳಗಾಗುತ್ತದೆ. ಅಲೆ ನೀರಿಗೆ ಬಡಿದು, ಅಲ್ಲಿಂದ ಕಾಂಡಕ್ಕೆ ಬಡಿದು ನೇರ ವಾಪಸ್ ಬರುತ್ತದೆ. ಎರಡು ಪೆಟ್ಟಿನ ಈ ಅಲೆಗೆ ಡಬಲ್ ಬೌನ್ಸ್ ಎನ್ನುತ್ತಾರೆ. ಕಪ್ಪಾದದ್ದನ್ನು ಮಾತ್ರ ಲೆಕ್ಕ ಹಾಕಿದರೆ ಹೆಚ್ಚು ನಷ್ಟವಾದ ರೈತನ ಹೊಲವೇ ನಿಮ್ಮ ನಕ್ಷೆಯಿಂದ ಬಿಟ್ಟುಹೋಗುತ್ತದೆ. ಇದನ್ನು ಯೋಚಿಸಿ ನೋಡಿ. ಪರಿಹಾರದ ಚರ್ಚೆಯಲ್ಲಿ ಯಾರಾದರೂ ಆ ನಕ್ಷೆಯನ್ನು ಮುಂದಿಟ್ಟರೆ ಏನಾಗಬಹುದು? ಅದಕ್ಕೇ ಕಪ್ಪಾದದ್ದರ ಜೊತೆಗೆ ಒಮ್ಮೆಲೇ ತೀರಾ ಬೆಳ್ಳಗಾದದ್ದನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ, "ಬೆಳೆಯೊಳಗೆ ನೀರು ಇರಬಹುದು" ಎಂದು ಬರೆಯಿರಿ.

ಇದರ ತದ್ವಿರುದ್ಧ ತೊಂದರೆಯೂ ಇದೆ. ನೀರಿಲ್ಲದಿದ್ದರೂ ಕಪ್ಪಾಗಿ ಕಾಣುವ ಜಾಗಗಳು ಇವೆ. ಹರಗಿ ಸಮ ಮಾಡಿದ ಒಣ ಹೊಲ, ಟಾರು ರಸ್ತೆ, ಚಪ್ಪಟೆ ಬಂಡೆಯ ಬಯಲು ಅಂಥವು. ನಾರಾಯಣಪುರ ಕಾಲುವೆಯ ಅಚ್ಚುಕಟ್ಟಿನಲ್ಲಿ, ಶಹಾಪುರ ಸುರಪುರದ ಕಡೆ, ಭತ್ತದ ಗದ್ದೆಯಲ್ಲಿ ರೈತರೇ ನೀರು ನಿಲ್ಲಿಸಿರುತ್ತಾರೆ. ಅದು ಪ್ರವಾಹವಲ್ಲ, ಬೇಸಾಯ. ನಾಟಿ ಮಾಡಿದ ಹೊಸದರಲ್ಲಿ ಆ ಗದ್ದೆ ಕೆರೆಯ ಹಾಗೆಯೇ ಕಾಣುತ್ತದೆ. ಇದಕ್ಕೆ ನೆರವಾಗುವುದು ಎತ್ತರದ ನಕ್ಷೆ. ನದಿಪಾತ್ರಕ್ಕಿಂತ ತುಂಬಾ ಎತ್ತರದಲ್ಲಿರುವ, ನದಿಗೆ ಕೂಡಿಕೊಳ್ಳದ ಕಪ್ಪು ತುಣುಕುಗಳನ್ನು ತೆಗೆದುಹಾಕಿ. ವರ್ಷವಿಡೀ ನೀರಿರುವ ಜಾಗವನ್ನೂ ಕಳೆಯಬೇಕು. ಸೊನ್ನ ಬ್ಯಾರೇಜಿನ ಹಿನ್ನೀರನ್ನು ಪ್ರವಾಹದ ಲೆಕ್ಕಕ್ಕೆ ಸೇರಿಸಿದರೆ ಅಂಕಿ ಸುಮ್ನೆ ಉಬ್ಬುತ್ತದೆ.

ಪ್ರತಿ ಚಿತ್ರದಲ್ಲೂ ಸಾಮಾನ್ಯವಾಗಿ ಎರಡು ಪದರ ಇರುತ್ತವೆ, ವಿವಿ ಮತ್ತು ವಿಎಚ್. ಲಂಬವಾಗಿ ಕಂಪಿಸುವ ಅಲೆ ಬಿಟ್ಟು, ಲಂಬವಾಗಿ ಮರಳಿದ್ದನ್ನು ಅಳೆದರೆ ವಿವಿ, ಅಡ್ಡಲಾಗಿ ಮರಳಿದ್ದನ್ನು ಅಳೆದರೆ ವಿಎಚ್. ನಿಶ್ಚಲ ನೀರಿಗೂ ನೆಲಕ್ಕೂ ವ್ಯತ್ಯಾಸ ವಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಗಾಳಿ ಬೀಸಿ ನೀರಿನ ಮೇಲೆ ಅಲೆ ಎದ್ದಿದ್ದರೆ ವಿವಿ ಮೋಸ ಮಾಡುತ್ತದೆ, ಆಗ ವಿಎಚ್ ನಂಬಿಕಸ್ಥ. ಎರಡನ್ನೂ ನೋಡಿ. ಮರಳಿದ ಅಲೆಯ ಬಲ ಇಷ್ಟು ಡೆಸಿಬಲ್‌ಗಿಂತ ಕಡಿಮೆ ಇದ್ದರೆ ನೀರು ಎಂಬ ಅಂಕಿಯನ್ನು ಬೇರೆ ಊರಿನ ಪ್ರಬಂಧದಿಂದ ಎತ್ತಿಕೊಳ್ಳಬೇಡಿ. ನಿಮ್ಮ ಚಿತ್ರದ ಹಿಸ್ಟೋಗ್ರಾಮ್ (ಯಾವ ಬಲದ ಪಿಕ್ಸೆಲ್ ಎಷ್ಟಿವೆ ಎಂಬ ರೇಖಾಚಿತ್ರ) ತೆಗೆದು, ಅದರಲ್ಲಿ ನೀರಿನದೊಂದು, ನೆಲದ್ದೊಂದು ಗುಡ್ಡದಂತೆ ಎದ್ದಿರುವ ಎರಡರ ನಡುವಿನ ತಗ್ಗನ್ನು ಹುಡುಕಿ.

ಇನ್ನೊಂದು ಎಚ್ಚರಿಕೆ ಅಳತೆಯ ಬಗ್ಗೆ. ಜಿಆರ್‌ಡಿ ಚಿತ್ರದ ಪಿಕ್ಸೆಲ್ 10 ಮೀಟರ್. ಒಂದು ಎಕರೆಗೆ ಸುಮಾರು 40 ಪಿಕ್ಸೆಲ್ ಆಯಿತು. ಆದರೆ ಉಪಗ್ರಹ ನಿಜವಾಗಿ ಬಿಡಿಸಿ ನೋಡಬಲ್ಲದ್ದು ಸುಮಾರು 20 ಮೀಟರ್. ಅಂದರೆ ಆ ಎಕರೆಯ ಬಗ್ಗೆ ನಿಮ್ಮ ಬಳಿ ಇರುವುದು ಒಂಬತ್ತೋ ಹತ್ತೋ ಸ್ವತಂತ್ರ ಅಳತೆಗಳು. ಅದರ ಮೇಲೆ ಸ್ಪೆಕಲ್ ಎಂಬ ಉಪ್ಪು-ಮೆಣಸಿನ ಚುಕ್ಕೆಗಳು ಬೇರೆ. ತಾಲ್ಲೂಕು, ಹೋಬಳಿ ಮಟ್ಟಕ್ಕೆ ಈ ಅಂಕಿಗಳನ್ನು ಧೈರ್ಯವಾಗಿ ಕೊಡಿ. ಸರ್ವೆ ನಂಬರ್ ಹಿಡಿದು ಇಂಥವರ ಎರಡು ಎಕರೆ ಮುಳುಗಿತು, ಪಕ್ಕದವರದ್ದು ಮುಳುಗಲಿಲ್ಲ ಎಂದು ಮಾತ್ರ ಹೇಳಬೇಡಿ.

ಲೆಕ್ಕ ಮಾಡುವುದು ಎಲ್ಲಿ? ನಿಮ್ಮ ಕಂಪ್ಯೂಟರ್‌ನಲ್ಲಿ ಮಾಡುವುದಾದರೆ ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಸ್ನ್ಯಾಪ್ ತಂತ್ರಾಂಶ ಉಚಿತ. 16 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ಉಪಗ್ರಹದ ನಿಖರ ಜಾಗ ಹೇಳುವ ಕಕ್ಷೆಯ ಫೈಲ್ ಹಾಕಿ, ನಿಮಗೆ ಬೇಕಾದ ಜಾಗವನ್ನಷ್ಟೇ ಕತ್ತರಿಸಿಕೊಂಡು ಮುಂದೆ ಹೋಗಿ. ಮುಂದಿನ ಹೆಜ್ಜೆಗಳು ಕ್ರಮವಾಗಿ ಇವು: ಉಷ್ಣ ಗದ್ದಲ (ಉಪಕರಣದ್ದೇ ಗದ್ದಲ) ತೆಗೆಯುವುದು, ಕ್ಯಾಲಿಬ್ರೇಷನ್ (ಅಂಕಿಗಳನ್ನು ನಿಜವಾದ ಅಳತೆಗೆ ತರುವುದು), ಸ್ಪೆಕಲ್ ಫಿಲ್ಟರ್, ಟೆರೇನ್ ಕರೆಕ್ಷನ್ (ನೆಲದ ಏರಿಳಿತ ಸರಿಪಡಿಸುವುದು), ಕೊನೆಗೆ ಡೆಸಿಬಲ್‌ಗೆ ತಿರುಗಿಸುವುದು. ಇಂಟರ್‌ನೆಟ್ ಇದ್ದು ಸ್ವಲ್ಪ ಕೋಡ್ ಬರೆಯಬಲ್ಲಿರಾದರೆ ಗೂಗಲ್ ಅರ್ಥ್ ಎಂಜಿನ್ ಇನ್ನೂ ಸುಲಭ. ಸಂಶೋಧನೆಗೆ ಉಚಿತ. ಸೆಂಟಿನೆಲ್-1ರ ಜಿಆರ್‌ಡಿ ಚಿತ್ರಗಳು ಅಲ್ಲಿ ಕ್ಯಾಲಿಬ್ರೇಟ್ ಆಗಿ, ನಕ್ಷೆಗೆ ಹೊಂದಿಕೊಂಡು ಸಿದ್ಧವಾಗಿವೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಆದರೆ ಅಲ್ಲಿಯ ಅಂಕಿಗಳು ಡೆಸಿಬಲ್‌ನಲ್ಲಿವೆ. ಡೆಸಿಬಲ್ ಲಾಗರಿದಮ್ ಅಳತೆ. ಹಲವು ಚಿತ್ರಗಳ ಸರಾಸರಿ ತೆಗೆಯುವುದಾದರೆ ಮೊದಲು ಮಾಮೂಲಿ ಅಳತೆಗೆ ತಿರುಗಿಸಿ, ಸರಾಸರಿ ತೆಗೆದು, ಮತ್ತೆ ಡೆಸಿಬಲ್‌ಗೆ ತನ್ನಿ. ಕ್ಷೇತ್ರಫಲ ಲೆಕ್ಕ ಹಾಕುವಾಗ ಅಕ್ಷಾಂಶ-ರೇಖಾಂಶದ ನಕ್ಷೆಯಲ್ಲೇ ಪಿಕ್ಸೆಲ್ ಎಣಿಸಬೇಡಿ, ಮೀಟರ್‌ನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿ.

ನಮ್ಮ ದೇಶದ ಉಪಗ್ರಹಗಳ ಚಿತ್ರ ಯಾಕೆ ಹೇಳಲಿಲ್ಲ ಎಂದು ನಿಮಗೆ ಅನಿಸಿರಬಹುದು. ಇಸ್ರೋದ ಇಒಎಸ್-04 ರೇಡಾರ್ ಉಪಗ್ರಹ ಹಾರಿದ್ದೇ 2022ರ ಫೆಬ್ರುವರಿಯಲ್ಲಿ, ನಿಮ್ಮ ಪ್ರವಾಹದ ನಂತರ. ಆಮೇಲಿನ ಘಟನೆಗಳಿಗೆ ಹೈದರಾಬಾದಿನಲ್ಲಿರುವ ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿಯ ಭೂನಿಧಿ ತಾಣದಲ್ಲಿ ಅದನ್ನು ಹುಡುಕಿ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್ ಉದ್ದ. ತೊಗರಿಯ ಎಲೆ ದಾಟಿ ಬುಡದ ನೀರು ನೋಡಲು ಇಂಥ ಅಲೆಯೇ ಬೇಕು. ನಿಮ್ಮ ಕಡೆಯ ಮುಂದಿನ ಪ್ರವಾಹಗಳಿಗೆ ಇದು ದೊಡ್ಡ ಬಲ ಎಂದು ನನಗೆ ಬಹಳ ಖುಷಿ ಇದೆ. ಎಲ್-ಬ್ಯಾಂಡ್ ಚಿತ್ರಗಳು ನಾನು ಮೇಲೆ ಹೇಳಿದ ಅಲಾಸ್ಕಾದ ಉಗ್ರಾಣದಲ್ಲೇ ಸಿಗುತ್ತವೆ. ಈಗಲೇ ಖಾತೆ ತೆರೆದಿಡಿ.

2009ರ ಉತ್ತರ ಕರ್ನಾಟಕದ ನೆರೆಯ ಜೊತೆ ಹೋಲಿಸುವ ಆಸೆ ಇದ್ದರೆ ಜಪಾನಿನ ಆಲೋಸ್ ಉಪಗ್ರಹದ ಪಾಲ್ಸಾರ್ ಚಿತ್ರಗಳು ಅದೇ ಉಗ್ರಾಣದಲ್ಲಿವೆ, 2006ರಿಂದ 2011ರವರೆಗಿನವು. ಅಲ್ಲೊಂದು ಬಲೆ ಇದೆ. ಆ ಪೊಟ್ಟಣದ ಜೊತೆ 12.5 ಮೀಟರ್‌ನ ಎತ್ತರದ ಫೈಲ್ ಬರುತ್ತದೆ. ಅದನ್ನು "ಪಾಲ್ಸಾರ್ ಡಿಇಎಂ" (ಡಿಇಎಂ ಎಂದರೆ ಎತ್ತರದ ನಕ್ಷೆ) ಎಂದು ಕರೆದು, ಹೆಚ್ಚು ವಿವರ ಇದೆ ಎಂದು ನಂಬಿ ಬರೆದ ಪ್ರಬಂಧಗಳು ನಮ್ಮಲ್ಲಿ ಬಹಳ. ಅದು ಪಾಲ್ಸಾರ್ ಅಳೆದ ಎತ್ತರವೇ ಅಲ್ಲ. ಚಿತ್ರ ಸರಿಪಡಿಸಲು ಬಳಸಿದ ಹಳೆಯ ಎತ್ತರದ ನಕ್ಷೆಯನ್ನು, ನಮ್ಮ ಕಡೆ ಎಂದರೆ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ನಕ್ಷೆಯನ್ನು, 12.5 ಮೀಟರ್‌ಗೆ ಹಿಗ್ಗಿಸಿದ್ದು ಅಷ್ಟೇ. ಎತ್ತರಕ್ಕೆ ಕೊಪರ್ನಿಕಸ್ 30 ಮೀಟರ್ ನಕ್ಷೆ ಬಳಸಿ, ಅದೂ ಉಚಿತ.

ಅನುಮತಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಸೆಂಟಿನೆಲ್ ಚಿತ್ರಕ್ಕೆ ಯಾರ ಅನುಮತಿಯೂ ಬೇಡ. ಮಾರ್ಪಡಿಸಿದ ಕೊಪರ್ನಿಕಸ್ ಸೆಂಟಿನೆಲ್ ದತ್ತಾಂಶ ಬಳಸಲಾಗಿದೆ ಎಂದು ವರ್ಷದ ಸಮೇತ ನಕ್ಷೆಯ ಕೆಳಗೆ ಬರೆಯಿರಿ. ಅಲಾಸ್ಕಾದಿಂದ ತಗೊಂಡಿದ್ದರೆ ಅವರ ಹೆಸರನ್ನೂ ಸೇರಿಸಿ. ಪ್ರತಿ ಚಿತ್ರದ ಪೂರ್ತಿ ಫೈಲ್ ಹೆಸರನ್ನು ಅನುಬಂಧದಲ್ಲಿ ಕೊಡಿ. ನಾಳೆ ಬೇರೆಯವರು ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಬೇಕಾಗುವುದು ಅದೊಂದೇ.

ಶೀರ್ಷಿಕೆಯಲ್ಲಿ "ಗರಿಷ್ಠ ಪ್ರವಾಹ" ಎಂದು ಬರೆಯುವ ಮುನ್ನ ತಡೆಯಿರಿ. ಉಪಗ್ರಹ ಬಂದದ್ದು ಒಂದು ಬೆಳಗ್ಗೆ, ನೀರು ಏರಿದ್ದು ಬೇರೆ ರಾತ್ರಿ ಇರಬಹುದು. ನಿಮ್ಮ ನಕ್ಷೆ ತೋರಿಸುವುದು ಆ ಬೆಳಗಿನ ಆರು ಗಂಟೆಯ ನೀರನ್ನು. ಯಾದಗಿರಿಯ ಬಳಿ ನದಿಮಟ್ಟದ ಅಳತೆ ಸಿಕ್ಕರೆ ಅದರ ಪಕ್ಕ ಇಟ್ಟು, ಚಿತ್ರದ ಹೊತ್ತಿಗೆ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಹೇಳಿ.

ಆಮೇಲೆ ನಕ್ಷೆಯನ್ನು ಮುದ್ರಿಸಿಕೊಂಡು ನದಿದಂಡೆಯ ಊರುಗಳಿಗೆ ಹೋಗಿ. ಗಾಣಗಾಪುರದ ಕಡೆಯಿಂದ ಶುರು ಮಾಡಿ ಕೆಳಗೆ ಬನ್ನಿ. ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿ. ಗುಡಿಯ ಯಾವ ಮೆಟ್ಟಿಲು, ಶಾಲೆಯ ಯಾವ ಗೋಡೆ ಎಂದು ಜನ ಬೆರಳಿಟ್ಟು ತೋರಿಸುತ್ತಾರೆ. ಆ ಜಾಗಗಳನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತು ಮಾಡಿಕೊಳ್ಳಿ. ಮುಖ್ಯವಾಗಿ ನಿಮ್ಮ ನಕ್ಷೆಯಲ್ಲಿ ನೀರಿಲ್ಲ ಎಂದು ಬಂದ ತೊಗರಿ ಹೊಲಗಳಿಗೆ ಹೋಗಿ, ಅವತ್ತು ಬುಡದಲ್ಲಿ ನೀರಿತ್ತೇ ಎಂದು ಹೊಲದ ಮಾಲೀಕರನ್ನೇ ಕೇಳಿ.